ಬರ್ ದುಬೈನ ಚಳಿಗಾಲಕ್ಕೊಂದು ತಿರುಗಾಟ

ಸಮ್ಮೇಳನಕ್ಕೆಂದು ಅಮೆರಿಕ, ಕೆನಡಾ, ಇಂಗ್ಲೆಂಡುಗಳಿಂದ ಬಂದಿರುವ ಬಂಧುಗಳಿಗೆ ಚಳಿಗಾಲವೆಂದರೆ ಬಾಗಿಲು ಮುಚ್ಚುವ ಕಾಲ. ಮನೆಯ ಮುಂದಿನ ಹಿಮವನ್ನು ಸಲಿಕೆಯಿಂದ ಸರಿಸಿ ಕಾರನ್ನು ಹೊರತೆಗೆಯಬೇಕಾದ ದಿನಗಳಲ್ಲಿ ಸಂಗೀತವಿರಲಿ, ನಾಟಕವಿರಲಿ, ನಾಲ್ಕು ಗೋಡೆಗಳ ನಡುವೆಯೇ ನಡೆಯತಕ್ಕದ್ದು. ಕೊಲ್ಲಿಯ ನಾಡಿನಲ್ಲಿ ನೆಲೆಸಿರುವ ನಮಗೆ ಈ ಲೆಕ್ಕ ತಿರುವುಮುರುವಾಗಿದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯ ತನಕ ಯಾರನ್ನೂ ಬಿಸಿಲಿನಲ್ಲಿ ದುಡಿಸಿಕೊಳ್ಳಕೂಡದೆಂದು ಸರಕಾರವೇ ವಿಧಿಸಿರುವ ನಾಡು ಇದು. ಬೇಸಿಗೆಯಲ್ಲಿ ನಾವು ಮನೆಯಿಂದ ಕಾರಿಗೆ, ಕಾರಿನಿಂದ ಕಚೇರಿಗೆ, ಕಚೇರಿಯಿಂದ ಮಾಲ್‌ಗೆ ಓಡುತ್ತ ಬದುಕುವವರು. ನವೆಂಬರ್ ಬಂದಿತೆಂದರೆ ಗಾಳಿಯ ಗುಣ ಬದಲಾಗುತ್ತದೆ. ಸಂಜೆ ಐದರ ಬಿಸಿಲು ಮೈಗೆ ಹಿತವಾಗುತ್ತದೆ. ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ ಹದಿನಾಲ್ಕು ಹದಿನೈದು ಡಿಗ್ರಿಗೆ ಇಳಿದು, ಪೆಟ್ಟಿಗೆಯ ತಳದಲ್ಲಿದ್ದ ಸ್ವೆಟರು ಹೊರಬರುತ್ತದೆ. ನಮ್ಮ ಚಳಿಗಾಲ ಬಾಗಿಲು ತೆರೆಯುವ ಕಾಲ.

ಹೀಗಿದ್ದೂ ನಾವು ಮಾಡುತ್ತಿರುವುದೇನು ಎಂಬುದೇ ಈ ಲೇಖನದ ತಕರಾರು. ಕೆಲವು ವರ್ಷಗಳ ಹಿಂದಿನ ಒಂದು ಡಿಸೆಂಬರ್ ಸಂಜೆಯನ್ನು ನೆನೆಯುತ್ತೇನೆ. ಸಂಸ್ಥೆಯ ಹೆಸರು ಬೇಡ, ಅದರ ಸದಸ್ಯನಾಗಿ ದೋಷದಲ್ಲಿ ನನಗೂ ಪಾಲಿದೆ. ಹೊರಗೆ ತಿಂಗಳ ಬೆಳಕು, ಕ್ರೀಕಿನ ಕಡೆಯಿಂದ ಬೀಸುತ್ತಿದ್ದ ತಣ್ಣನೆಯ ಗಾಳಿ. ಒಳಗೆ ಬಾಡಿಗೆಯ ಸಭಾಂಗಣದಲ್ಲಿ ಹವಾನಿಯಂತ್ರಣದ ಚಳಿಗೆ ಮುದುರಿ ಕುಳಿತ ಮುನ್ನೂರು ಜನ. ದೀಪ ಬೆಳಗುವುದಕ್ಕೆ ಒಂದು ಗಂಟೆ ತಡ, ಅತಿಥಿಗಳ ಭಾಷಣಕ್ಕೆ ಒಂದೂವರೆ ಗಂಟೆ, ಸನ್ಮಾನಗಳಿಗೆ ಮುಕ್ಕಾಲು ಗಂಟೆ. ವೇದಿಕೆಯ ಮೇಲೆ ಒಬ್ಬೊಬ್ಬರಿಗೂ ಹೊದಿಸುತ್ತಿದ್ದ ಶಾಲುಗಳು ಪ್ರೇಕ್ಷಕರಿಗೆ ದೊರೆತಿದ್ದರೆ ಹೆಚ್ಚು ಪುಣ್ಯ ಬರುತ್ತಿತ್ತು. ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದ ಮಕ್ಕಳ ನೃತ್ಯಕ್ಕೆ ಕಡೆಗೆ ಉಳಿದದ್ದು ಇಪ್ಪತ್ತು ನಿಮಿಷ. ಸಭಾಂಗಣದ ಅವಧಿ ಮುಗಿಯಿತೆಂದು ಕಾವಲುಗಾರ ದೀಪ ಆರಿಸಿಯೇ ಬಿಟ್ಟ. ವರ್ಷದಲ್ಲಿ ಐದು ತಿಂಗಳು ಮಾತ್ರ ದೊರೆಯುವ ಆಕಾಶವನ್ನು ಹೊರಗೆ ಬಿಟ್ಟು, ದುಡ್ಡು ಕೊಟ್ಟು ಒಳಗೆ ಕುಳಿತಿದ್ದೆವು.

ಇದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ಹಿಂದಿರುವುದು ಒಂದು ಪಂಚಾಂಗದ ಗೊಂದಲ. ನಾನು ಕರಾವಳಿಯವನಾದ್ದರಿಂದ ಯಕ್ಷಗಾನದ ಉದಾಹರಣೆಯನ್ನೇ ಹಿಡಿಯುತ್ತೇನೆ. ನಮ್ಮೂರಲ್ಲಿ ಮೇಳಗಳು ನವೆಂಬರಿನ ಸುಮಾರಿಗೆ ಗೆಜ್ಜೆ ಕಟ್ಟಿ ಹೊರಟರೆ ಪತ್ತನಾಜೆಯ ತನಕ, ಎಂದರೆ ತುಳುವರ ಬೇಸ್ಯ ತಿಂಗಳ ಹತ್ತನೆಯ ದಿನದವರೆಗೆ, ಮೇ 24ರ ಆಸುಪಾಸಿನ ತನಕ ತಿರುಗುತ್ತವೆ. ಆಮೇಲೆ ಮಳೆ. ಮಳೆಗಾಲದಲ್ಲಿ ಕಲಾವಿದರಿಗೆ ಬಿಡುವು. ಆ ಬಿಡುವಿನಲ್ಲೇ ಅವರನ್ನು ಮುಂಬಯಿಗೂ ಕೊಲ್ಲಿಗೂ ಕರೆಸಿಕೊಳ್ಳುವುದು ರೂಢಿಯಾಯಿತು. ಹೀಗಾಗಿ ಊರಿನ ಹೆಸರಾಂತ ವೇಷಧಾರಿ ದುಬೈಯಲ್ಲಿ ಕಿರೀಟ ಕಟ್ಟುವುದು ಬಹುಮಟ್ಟಿಗೆ ಜೂನ್ ತಿಂಗಳಿನಲ್ಲಿ, ಹೊರಗೆ ನಲವತ್ತು ದಾಟಿದ ಬಿಸಿಲಿರುವಾಗ. ಆಗ ಸಭಾಂಗಣ ಅನಿವಾರ್ಯ, ಅದನ್ನು ಯಾರೂ ಆಕ್ಷೇಪಿಸಲಾರರು. ಆದರೆ ಆ ಅನಿವಾರ್ಯವೇ ಅಭ್ಯಾಸವಾಗಿ, ಚಳಿಗಾಲದ ಕಾರ್ಯಕ್ರಮಗಳೂ ಅದೇ ಅಚ್ಚಿಗೆ ಬಿದ್ದವು. ಮರಳುನಾಡಿನಲ್ಲಿದ್ದುಕೊಂಡು ನಾವು ಕುಂದಾಪುರದ ಮಳೆಯ ಲೆಕ್ಕದಲ್ಲಿ ಕಲೆಯನ್ನು ನಡೆಸುತ್ತಿದ್ದೇವೆ.

ಇಲ್ಲಿಯ ಚಳಿಗಾಲಕ್ಕೆ ಊರಿನ ವೃತ್ತಿಕಲಾವಿದರು ಒದಗುವುದು ಕಷ್ಟ, ಅವರು ಆಗ ತಮ್ಮ ತಿರುಗಾಟದಲ್ಲಿರುತ್ತಾರೆ. ಆದ್ದರಿಂದ ಈ ಐದು ತಿಂಗಳು ಇಲ್ಲಿಯೇ ನೆಲೆಸಿದ ಹವ್ಯಾಸಿಗಳ ಪಾಲಿನದು. ತಿರುಗಾಟ ಎಂಬ ಮಾತನ್ನು ನೆನೆಯಿರಿ. ಮೇಳದ ಸಂಚಾರಕ್ಕೂ ಸುಮ್ಮನೆ ಅಡ್ಡಾಡುವುದಕ್ಕೂ ಕನ್ನಡದಲ್ಲಿ ಅದೇ ಪದ. ಲಾರಿಗಳಿಲ್ಲದ ಕಾಲದಲ್ಲಿ ಕಲಾವಿದರು ಊರಿಂದೂರಿಗೆ ನಡೆದೇ ಹೋಗುತ್ತಿದ್ದರು, ವೇಷದ ಪೆಟ್ಟಿಗೆಗಳು ತಲೆಹೊರೆಯಾಗಿ ಹಿಂದೆ ಬರುತ್ತಿದ್ದವು. ಬಯಲಾಟವೆಂಬ ಹೆಸರಿನಲ್ಲೇ ಬಯಲಿದೆ. ಬಯಲನ್ನೂ ನಡಿಗೆಯನ್ನೂ ಬಿಟ್ಟು ಆಟವನ್ನಷ್ಟೇ ಉಳಿಸಿಕೊಂಡವರು ನಾವು.

ಈ ನೆಲದ ಹಳೆಯ ಬದುಕಿನಲ್ಲೂ ಇಂಥದೇ ಒಂದು ಋತುಧರ್ಮವಿತ್ತು. ಮುತ್ತಿನ ವ್ಯಾಪಾರ ನಡೆಯುತ್ತಿದ್ದಾಗ ಗಂಡಸರು ಬೇಸಿಗೆಯ ನಾಲ್ಕು ತಿಂಗಳು ಕಡಲಿನಲ್ಲಿ ಮುಳುಗುವ ಕೆಲಸಕ್ಕೆ ಹೋಗುತ್ತಿದ್ದರು. ಹಡಗಿನಲ್ಲಿ ಹಾಡುವುದಕ್ಕೆಂದೇ ನಹ್ಹಾಮ್ ಎಂಬ ಹಾಡುಗಾರನೊಬ್ಬನಿರುತ್ತಿದ್ದ. ಎದುರುಬದುರು ಸಾಲಾಗಿ ನಿಂತು, ಕೈಯಲ್ಲಿ ಬಿದಿರಿನ ಕೋಲು ಹಿಡಿದು, ನಗಾರಿಯ ಲಯಕ್ಕೆ ತೂಗುವ ಅಯ್ಯಾಲಾ ಎಂಬ ಕುಣಿತವನ್ನು 2014ರಲ್ಲಿ ಯುನೆಸ್ಕೋ ತನ್ನ ಪಟ್ಟಿಗೆ ಸೇರಿಸಿತು. ಡಿಸೆಂಬರ್ 2ರ ರಾಷ್ಟ್ರೀಯ ದಿನದ ಹೊತ್ತಿಗೆ ಅದನ್ನು ಬಯಲಿನಲ್ಲಿಯೇ ನೋಡಬಹುದು. ಕೋಲಾಟ ಬಲ್ಲ ನಮ್ಮವರು ಎಷ್ಟು ಮಂದಿ ಒಮ್ಮೆಯಾದರೂ ನಿಂತು ಅದನ್ನು ನೋಡಿದ್ದಾರೆ?

ನಡಿಗೆಯ ಮಾತಿಗೆ ಬರುತ್ತೇನೆ. ಕ್ರೀಕ್ ಎಂದು ನಾವೆಲ್ಲ ಕರೆಯುವ ಉಪ್ಪುನೀರಿನ ತೋಳು ನಗರವನ್ನು ಎರಡಾಗಿ ಸೀಳಿದೆ. ಆಚೆಯ ದಡ ದೇರಾ, ಈಚೆಯದು ಬರ್ ದುಬೈ. ಸಮ್ಮೇಳನಕ್ಕೆ ಬರುವಾಗಲೋ ಮರಳುವಾಗಲೋ ದುಬೈಯಲ್ಲಿ ವಿಮಾನ ಬದಲಿಸುವವರು ಎತ್ತರದ ಕಟ್ಟಡವನ್ನು ನೋಡಿ ಬಂದೆವೆನ್ನುತ್ತಾರೆ. ಅವರಿಗೆ ನನ್ನ ವಿನಂತಿ: ಒಂದು ಸಂಜೆ ಅಲ್ ಘುಬೈಬಾ ಮೆಟ್ರೋ ನಿಲ್ದಾಣದಲ್ಲಿಳಿದು ಶಿಂದಘಾದ ದಡಕ್ಕೆ ಬನ್ನಿ. 1896ರಲ್ಲಿ ಕಟ್ಟಿದ ಶೇಖ್ ಸಯೀದರ ಮನೆ ಅಲ್ಲಿದೆ. ನೀರನ್ನು ಎಡಕ್ಕಿಟ್ಟುಕೊಂಡು ನಡೆದರೆ ಮರದ ಛಾವಣಿಯ ಬಟ್ಟೆಯ ಸೂಕ್ ಸಿಗುತ್ತದೆ. ಅಂಗಡಿಯವನು ನಿಮ್ಮ ಮುಖ ನೋಡಿಯೇ ಹಿಂದಿಯಲ್ಲಿ ಕೂಗುತ್ತಾನೆ. ಕೂಗಿದರೆ ಬೇಸರಿಸಬೇಡಿ, ಈ ಪೇಟೆಗೂ ನಮಗೂ ಹಳೆಯ ನಂಟು. 1966ರವರೆಗೆ ಇಲ್ಲಿ ಚಲಾವಣೆಯಲ್ಲಿದ್ದದ್ದು ರೂಪಾಯಿ. ಅದರಲ್ಲೂ 1959ರಿಂದ ಭಾರತದ ರಿಸರ್ವ್ ಬ್ಯಾಂಕು ಕೊಲ್ಲಿಗೆಂದೇ ಬೇರೆ ನೋಟು ಅಚ್ಚುಹಾಕಿಸಿ ಕಳುಹಿಸುತ್ತಿತ್ತು. ದಿರ್ಹಮ್ ಬಂದದ್ದು 1973ರಲ್ಲಿ. ಮುಂಬಯಿಯಿಂದ ಹಡಗು ಹತ್ತಿ ಬಂದ ನಮ್ಮ ಹಿರಿಯರ ಕಥೆಗಳೂ ಈ ದಡದವೇ. ಬ್ರಿಟಿಷ್ ಇಂಡಿಯಾ ಕಂಪೆನಿಯ ಕೊನೆಯ ಪ್ರಯಾಣಿಕ ಹಡಗು ದ್ವಾರಕಾ 1982ರ ತನಕ ಮುಂಬಯಿಗೂ ಕೊಲ್ಲಿಗೂ ನಡುವೆ ಓಡಾಡಿತು. ಈಗಲೂ ನೀರಿನ ಮೇಲೆ ಹೋಗುವ ಆಸೆಯುಳ್ಳವರಿಗೆ ಅಬ್ರಾ ದೋಣಿಯಿದೆ. ಹಿಂದೆ ಐವತ್ತು ಫಿಲ್ಸ್ ಇದ್ದ ದರ ಒಂದು ದಿರ್ಹಮ್ ಆಗಿದೆ. ಈ ನಗರದಲ್ಲಿ ಇಷ್ಟು ಅಗ್ಗಕ್ಕೆ ಇಷ್ಟು ಸುಖ ಇನ್ನೆಲ್ಲಿಯೂ ಇಲ್ಲ.

ಸೂಕಿನ ಹಿಂದೆ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದಷ್ಟು ಇಕ್ಕಟ್ಟಿನ ಓಣಿಯೊಂದಿದೆ. ಹಿಂದಿ ಲೇನ್ ಎಂದು ಅದರ ಹೆಸರು. ಹೂಮಾಲೆ, ಕುಂಕುಮ, ತೆಂಗಿನಕಾಯಿ, ದೇವರ ಪಟಗಳ ಅಂಗಡಿಗಳು. ಮಸೀದಿಯ ಬೆನ್ನಿಗೇ ಇದ್ದ ಹಳೆಯ ಕಟ್ಟಡದಲ್ಲಿ ದೇವಸ್ಥಾನ. ದಶಕಗಳ ಕಾಲ ನಮ್ಮ ಹೆಂಗಸರು ಮಕ್ಕಳು ಬರ್ ದುಬೈಯಲ್ಲಿ ಕಾಲಿಟ್ಟು ನಡೆದದ್ದು ಈ ಓಣಿಯ ದೆಸೆಯಿಂದ. ಶಿವರಾತ್ರಿಯಂದು ಸರದಿಯ ಸಾಲು ಕ್ರೀಕಿನ ದಡದವರೆಗೆ ಹೋಗುತ್ತಿತ್ತು. ಕಾಯುವ ಹೊತ್ತಿನಲ್ಲಿ ಊರಿನ ಸುದ್ದಿ, ಸಂಬಂಧಗಳ ಮಾತುಕತೆ, ಮಕ್ಕಳಿಗೆ ದೋಣಿ ತೋರಿಸುವ ಕೆಲಸ ಎಲ್ಲ ಆಗುತ್ತಿತ್ತು. 2022ರ ಅಕ್ಟೋಬರಿನಲ್ಲಿ ಜೆಬೆಲ್ ಅಲಿಯಲ್ಲಿ ಭವ್ಯವಾದ ಹೊಸ ದೇವಾಲಯ ತೆರೆಯಿತು. 2024ರ ಜನವರಿಯಲ್ಲಿ ಬರ್ ದುಬೈಯ ಶಿವಾಲಯವೂ ಅಲ್ಲಿಗೆ ಸ್ಥಳಾಂತರವಾಯಿತು. ಇಕ್ಕಟ್ಟು ತಪ್ಪಿತು, ಅನುಕೂಲ ಹೆಚ್ಚಿತು, ಇದರಲ್ಲಿ ಎರಡು ಮಾತಿಲ್ಲ. ಆದರೆ ಜೆಬೆಲ್ ಅಲಿಗೆ ಹೆದ್ದಾರಿಯಲ್ಲಿ ಕಾರಿನಲ್ಲಿ ಹೋಗಿ ಕಾರಿನಲ್ಲಿ ಬರುತ್ತೇವೆ. ದೇವರ ಜೊತೆಗೆ ನಮ್ಮ ನಡಿಗೆಯೂ ಬರ್ ದುಬೈ ಬಿಟ್ಟಿತು. ಇಲ್ಲಿ ಹುಟ್ಟಿದ ಮಕ್ಕಳಿಗೆ ತಂದೆತಾಯಂದಿರು ಮೊದಲು ಇಳಿದುಕೊಂಡ ಗಲ್ಲಿಯ ಗುರುತು ಈಗ ಹೇಗೆ ಹತ್ತಬೇಕು? ನಾಲ್ವರು ಒಂದು ಕೋಣೆಯಲ್ಲಿ ಮಂಚ ಹಂಚಿಕೊಂಡು, ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥವನ್ನು ಕ್ಯಾಸೆಟ್ಟಿನಲ್ಲಿ ಕೇಳುತ್ತ ಶುಕ್ರವಾರ ಕಳೆದವರು ಒಬ್ಬೊಬ್ಬರಾಗಿ ಕೆಲಸ ಬಿಟ್ಟು ಊರಿಗೆ ಮರಳುತ್ತಿದ್ದಾರೆ. ಕೆಲಸ ಮುಗಿದರೆ ವೀಸಾ ಮುಗಿಯಿತು, ವೀಸಾ ಮುಗಿದರೆ ನೆನಪೂ ಅವರೊಡನೆ ವಿಮಾನ ಹತ್ತುತ್ತದೆ. ಕೊಲ್ಲಿಯ ಕನ್ನಡಿಗನಿಗೂ ಅಮೆರಿಕದ ಕನ್ನಡಿಗನಿಗೂ ಇರುವ ದೊಡ್ಡ ಅಂತರವಿದು. ಅಲ್ಲಿ ಅಜ್ಜ ಮೊಮ್ಮಕ್ಕಳ ಜೊತೆ ಉಳಿಯುತ್ತಾನೆ. ನಮ್ಮಲ್ಲಿ ಹೇಳಬೇಕಾದವನು ಹೇಳುವ ಮೊದಲೇ ಹೊರಟುಹೋಗುತ್ತಾನೆ.

ಓಣಿ ದಾಟಿ ಮುಂದೆ ಬಂದರೆ 1787ರದೆಂದು ಹೇಳುವ ಫಾಹಿದಿ ಕೋಟೆ, ಅದರಾಚೆ ಬಸ್ತಾಕಿಯಾ. 2012ರಿಂದ ಅದಕ್ಕೆ ಅಲ್ ಫಾಹಿದಿ ಐತಿಹಾಸಿಕ ನೆರೆಹೊರೆ ಎಂಬ ಹೆಸರು. ದಕ್ಷಿಣ ಇರಾನಿನ ಬಸ್ತಾಕಿನಿಂದ ಬಂದ ವರ್ತಕರು ಹವಳದ ಕಲ್ಲು, ಜಿಪ್ಸಮ್ ಗಾರೆಗಳಿಂದ ಕಟ್ಟಿಕೊಂಡ ಮನೆಗಳು. ತಲೆಯ ಮೇಲೆ ಬರ್ಜೀಲ್‌ಗಳು, ಎಂದರೆ ಗಾಳಿಗೋಪುರಗಳು. ಕನ್ನಡದಲ್ಲಿ ಗಾಳಿಗೋಪುರವೆಂದರೆ ಬರಿಯ ಮನೋರಾಜ್ಯ. ಇಲ್ಲಿ ಅದು ನಾಲ್ಕು ದಿಕ್ಕಿನ ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುವ ನಿಜವಾದ ಕಟ್ಟಡ. ಈ ಪ್ರದೇಶದ ಅರ್ಧದಷ್ಟು 1980ರ ದಶಕದಲ್ಲಿ ನೆಲಸಮವಾಯಿತು. ಉಳಿದದ್ದನ್ನೂ ಕೆಡವಬೇಕೆಂದು 1989ರಲ್ಲಿ ತೀರ್ಮಾನವಾಗಿತ್ತು. ಆಗ ಅದೇ ಗಲ್ಲಿಯಲ್ಲಿ ಹಳೆಯ ಮನೆಯೊಂದನ್ನು ದುರಸ್ತಿ ಮಾಡಿಕೊಂಡಿದ್ದ ರೇನರ್ ಓಟರ್ ಎಂಬ ಬ್ರಿಟಿಷ್ ವಾಸ್ತುಶಿಲ್ಪಿ ಪಟ್ಟುಹಿಡಿದು, ದುಬೈಗೆ ಬರಲಿದ್ದ ರಾಜಕುಮಾರ ಚಾರ್ಲ್ಸರಿಗೆ ಪತ್ರ ಬರೆದ. ಚಾರ್ಲ್ಸ್ ಬಂದರು, ಗಲ್ಲಿಗಳಲ್ಲಿ ನಡೆದರು, ಉಳಿಸಿರೆಂದರು, ಮನೆಗಳು ಉಳಿದವು. ಈ ವೃತ್ತಾಂತ ನನಗೆ ಪ್ರಿಯವಾಗಿರುವುದಕ್ಕೆ ಕಾರಣವಿದೆ. ಓಟರ್ ಕೂಡ ನಮ್ಮ ಹಾಗೆಯೇ ವೀಸಾದ ಮೇಲಿದ್ದ ಹೊರಗಿನವನು. ನಾವಿಲ್ಲಿ ಬಾಡಿಗೆಯವರು, ನಮಗೇಕೆ ಊರ ಉಸಾಬರಿ ಎನ್ನುವ ನಮ್ಮ ಮಾತು ಆತನ ಮುಂದೆ ನಿಲ್ಲಲಾರದು.

ಅದೇ ಗಲ್ಲಿಗಳಲ್ಲಿ 2011ರಲ್ಲಿ ಸಿಕ್ಕಾ ಎಂಬ ಕಲಾಮೇಳ ಆರಂಭವಾಯಿತು. ಸಿಕ್ಕಾ ಎಂದರೆ ಇಲ್ಲಿಯವರ ಮಾತಿನಲ್ಲಿ ಓಣಿ. ಮನೆಗಳ ಅಂಗಳದಲ್ಲಿ ಚಿತ್ರ, ಸಂಗೀತ, ಪ್ರದರ್ಶನ. 2023ರಿಂದ ಅದು ಶಿಂದಘಾಕ್ಕೆ ಹೋಗಿದೆ. ಜನ ನಡೆಯುತ್ತ ನೋಡುತ್ತಾರೆ, ಇಷ್ಟವಾದಲ್ಲಿ ನಿಲ್ಲುತ್ತಾರೆ, ಯಾರ ಭಾಷಣವನ್ನೂ ಕೇಳಬೇಕಿಲ್ಲ. ನಾನು ಹೋದಾಗಲೆಲ್ಲ ಮಲಯಾಳಿ, ಫಿಲಿಪಿನೋ, ಸಿರಿಯನ್ ಮುಖಗಳನ್ನು ಕಂಡಿದ್ದೇನೆ. ಕನ್ನಡ ಕಿವಿಗೆ ಬಿದ್ದದ್ದು ಎರಡು ಬಾರಿ, ಅದರಲ್ಲಿ ಒಂದು ಬಾರಿ ನನ್ನ ಮನೆಯವರದೇ ಮಾತು.

ಹಾಗಾದರೆ ಏನು ಮಾಡಬೇಕೆಂದು ಕೇಳಬಹುದು. ಹೊಸದನ್ನೇನೂ ಕಂಡುಹಿಡಿಯಬೇಕಿಲ್ಲ, ನಮ್ಮ ಹಿರಿಯರ ಬತ್ತಳಿಕೆಯಲ್ಲಿ ಹೂವಿನಕೋಲು ಇದೆ. ಕುಂದಾಪುರ ಉಡುಪಿ ಸೀಮೆಯಿಂದ ದೂರದವರಿಗಾಗಿ ವಿವರಿಸುತ್ತೇನೆ. ನವರಾತ್ರಿಯ ದಿನಗಳಲ್ಲಿ ಭಾಗವತರು, ಮದ್ದಲೆಯವರು, ನಾಲ್ಕಾರು ಹುಡುಗರು ಹೂವಿನಿಂದ ಸಿಂಗರಿಸಿದ ಕೋಲುಗಳನ್ನು ಹಿಡಿದು ಮನೆಮನೆಗೆ ನಡೆದುಹೋಗುತ್ತಾರೆ. ಮೊದಲು ಮನೆಯವರಿಗೆ ಶುಭ ಕೋರುವ ಚೌಪದ. ಆಮೇಲೆ ಹುಡುಗರು ಎದುರುಬದುರು ಕುಳಿತು ಒಂದು ಪ್ರಸಂಗದ ಸಣ್ಣ ತುಣುಕಿಗೆ ಅರ್ಥ ಹೇಳುತ್ತಾರೆ. ಹತ್ತು ಹದಿನೈದು ನಿಮಿಷದಲ್ಲಿ ಮುಗಿಯಿತು, ಅಕ್ಕಿ ಕಾಯಿ ಕಾಣಿಕೆ ಪಡೆದು ಮುಂದಿನ ಮನೆ. ವೇಷವಿಲ್ಲ, ರಂಗಸ್ಥಳವಿಲ್ಲ, ಧ್ವನಿವರ್ಧಕವಿಲ್ಲ. ನಿರರ್ಗಳವಾಗಿ ಮಾತನಾಡುವ ಎಷ್ಟೋ ಅರ್ಥಧಾರಿಗಳ ನಾಲಗೆ ಪಳಗಿದ್ದು ಹೀಗೆ ಕಂಡವರ ಜಗಲಿಯಲ್ಲಿ. ಸಂಭಾಷಣೆಯ ಕನ್ನಡವನ್ನು ಮಕ್ಕಳಿಗೆ ಕಲಿಸುವುದಕ್ಕೆ ಇದಕ್ಕಿಂತ ಉತ್ತಮವಾದ ಉಪಾಯ ನನಗೆ ತೋಚದು. ದುಬೈಯಲ್ಲಿ 2014ರಿಂದ ಉಚಿತ ಕನ್ನಡ ಪಾಠಶಾಲೆ ನಡೆಯುತ್ತಿದೆ. ಅಂಥ ಕಡೆ ಕಲಿತ ಅಕ್ಷರಕ್ಕೆ ಮಾತಿನ ಉಸಿರು ಬರಬೇಕಾದರೆ ಮಗು ಅಪರಿಚಿತರೆದುರು ಕುಳಿತು ಕೃಷ್ಣನೋ ರುಕ್ಮಿಣಿಯೋ ಆಗಿ ವಾದಿಸಬೇಕು. ನವರಾತ್ರಿ ಬರುವ ಸೆಪ್ಟೆಂಬರ್ ಅಕ್ಟೋಬರ್‌ಗಳಲ್ಲಿ ಇಲ್ಲಿಯ ಸೆಖೆಯೂ ಇಳಿಮುಖವಾಗಿರುತ್ತದೆ. ಬರ್ ದುಬೈ, ಕರಾಮಾಗಳಲ್ಲಿ ಒಂದೊಂದು ಕಟ್ಟಡದಲ್ಲೂ ನಮ್ಮವರ ನಾಲ್ಕಾರು ಮನೆಗಳಿವೆ.

ಹೂವಿನಕೋಲು ಋತುವಿನ ಮೊದಲ ಹೆಜ್ಜೆಯಾಗಲಿ. ನಡು ಚಳಿಗಾಲಕ್ಕೆ ತಾಳಮದ್ದಲೆಯಿದೆ. ಊರಿನಲ್ಲಿ ಅದು ಮಳೆಗಾಲದ ಕಲೆ, ಹೊರಗೆ ಹೋಗಲಾಗದವರು ಚಾವಡಿಯಲ್ಲಿ ಕುಳಿತು ಬೆಳೆಸಿದ್ದು. ಇಲ್ಲಿ ಅದನ್ನೇ ಅಂಗಳಕ್ಕೆ ತರಬಹುದು. ಪಾರ್ತಿಸುಬ್ಬನ ಕುಂಬಳೆಯ ಕಡೆಯವರು, ಕಾಸರಗೋಡಿನವರು ಇಲ್ಲಿ ಕಡಿಮೆಯಿಲ್ಲ, ಅರ್ಥಗಾರಿಕೆಗೆ ಬರಗಾಲವಿಲ್ಲ. ಹಳೆಯ ಮೈಸೂರಿನವರು ಗಮಕವನ್ನು, ಧಾರವಾಡದ ಕಡೆಯವರು ದಾಸರ ಪದ, ತತ್ವಪದಗಳನ್ನು ತರಲಿ. ಮೊದಲು ಒಂದೂವರೆ ತಾಸು ಹಿರಿಯರೊಬ್ಬರ ಹಿಂದೆ ಗಲ್ಲಿಗಳಲ್ಲಿ ನಡಿಗೆ, ಆಮೇಲೆ ಒಂದು ತಾಸು ಕಲೆ. ಅಧ್ಯಕ್ಷತೆಗೆ ಚಂದ್ರನಿದ್ದಾನೆ.

ತೊಡಕುಗಳಿಲ್ಲವೆಂದು ಹೇಳಲಾರೆ. ಸಾರ್ವಜನಿಕ ಸ್ಥಳದಲ್ಲಿ ಕಾರ್ಯಕ್ರಮ ನಡೆಸುವುದಕ್ಕೆ ಇಲ್ಲಿ ಪೂರ್ವಾನುಮತಿ ಬೇಕು. ಎಲ್ಲೆಂದರಲ್ಲಿ ಚೆಂಡೆ ಬಾರಿಸುವಂತಿಲ್ಲ, ಬಾರಿಸಬೇಕೆಂದು ನಾನು ಹೇಳುತ್ತಲೂ ಇಲ್ಲ. ಅನುಮತಿಯ ಅರ್ಜಿ ತುಂಬುವ ಶ್ರಮ ಸಭಾಂಗಣ ಕಾದಿರಿಸುವ ಶ್ರಮಕ್ಕಿಂತ ಹೆಚ್ಚಿನದಲ್ಲವೆಂದಷ್ಟೇ ನನ್ನ ವಾದ. ಹಣ ಸಂಗ್ರಹಕ್ಕೆ 2015ರ ಕಾನೂನಿನ ಕಟ್ಟುಪಾಡಿದೆ, ಆದ್ದರಿಂದ ಹೂವಿನಕೋಲಿನ ಮಕ್ಕಳಿಗೆ ಕಾಣಿಕೆ ಬೇಡ, ಅವಲಕ್ಕಿ ಪಾಯಸ ಸಾಕು. ಸಭಾಂಗಣಗಳ ಪರವಾಗಿ ಒಂದು ಮಾತನ್ನು ನಾನೂ ಒಪ್ಪುತ್ತೇನೆ: ಪೂರ್ಣ ಬಣ್ಣದ ಯಕ್ಷಗಾನಕ್ಕೆ, ದೊಡ್ಡ ನಾಟಕಕ್ಕೆ ಬೆಳಕು ಬೇಕು, ಶಿಸ್ತು ಬೇಕು. ಅದು ಇರಲಿ.

ಹೆಚ್ಚು ಯೋಚಿಸಬೇಕಾದ ವಿಷಯ ಬೇರೆಯಿದೆ. 2022ರ ಜನವರಿಯಿಂದ ಇಲ್ಲಿಯ ವಾರಾಂತ್ಯ ಶುಕ್ರವಾರದಿಂದ ಶನಿವಾರ ಭಾನುವಾರಕ್ಕೆ ಸರಿದಿದೆ. ಕಚೇರಿಯವರಿಗೆ ಎರಡು ದಿನ ರಜೆ. ಗ್ಯಾರೇಜಿನಲ್ಲಿ, ಹೋಟೆಲಿನ ಅಡುಗೆಮನೆಯಲ್ಲಿ, ಕಟ್ಟಡದ ಕೆಲಸದಲ್ಲಿರುವ ನಮ್ಮ ಹುಡುಗರಿಗೆ ಹೆಚ್ಚೆಂದರೆ ಒಂದು ದಿನ. ಟಿಕೆಟು, ಟ್ಯಾಕ್ಸಿ, ಇಸ್ತ್ರಿ ಮಾಡಿದ ಅಂಗಿ ಇವೆಲ್ಲ ಬೇಕಾಗುವ ಸಭಾಂಗಣಕ್ಕೆ ಅವರು ಬರುವುದಿಲ್ಲ. ಬಂದರೂ ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಕ್ರೀಕಿನ ದಡಕ್ಕೆ ಅವರೇ ಮೊದಲು ಬಂದು ಕುಳಿತಿರುತ್ತಾರೆ.

ಕಳೆದ ನವರಾತ್ರಿಯಲ್ಲಿ ನಮ್ಮ ಕಟ್ಟಡದಲ್ಲಿ ಸಣ್ಣದೊಂದು ಪ್ರಯತ್ನ ಮಾಡಿದೆವು. ಐವರು ಮಕ್ಕಳು, ಮೊಬೈಲು ನೋಡಿ ಪದ ಹೇಳಿದ ಒಬ್ಬ ಭಾಗವತರು, ಕಾಗದದ ಹೂವಿನ ಕೋಲುಗಳು. ಲಿಫ್ಟಿನಲ್ಲಿ ಕೋಲು ಹಿಡಿಸದೆ ಮೆಟ್ಟಿಲು ಹತ್ತಿ ಇಳಿದೆವು. ಏಳು ಮನೆಗಳ ಪೈಕಿ ಒಂದರಲ್ಲಿ ಮೂವತ್ತನಾಲ್ಕು ವರ್ಷ ಇಲ್ಲಿದ್ದು ಮುಂದಿನ ತಿಂಗಳು ಊರಿಗೆ ಹೊರಡಲಿದ್ದ ಹಿರಿಯರೊಬ್ಬರಿದ್ದರು. ರಟ್ಟಿನ ಪೆಟ್ಟಿಗೆಗಳ ನಡುವೆ ಜಾಗ ಮಾಡಿ ಮಕ್ಕಳನ್ನು ಕೂರಿಸಿದರು. ಕೃಷ್ಣನಾಗಿದ್ದ ಹುಡುಗ 'ಪಾರಿಜಾತ' ಎನ್ನುವಲ್ಲಿ ತಡವರಿಸಿದಾಗ, 'ಹಾಗಲ್ಲ ಮಗೂ, ಹೀಗೆ' ಎಂದು ಆ ಮಾತನ್ನು ತಾವೇ ಹೇಳಿಕೊಟ್ಟು, ಅಲ್ಲಿಗೆ ನಿಲ್ಲದೆ ಇಡೀ ಅರ್ಥವನ್ನು ಹೇಳಿ ಮುಗಿಸಿದರು. ಬಾಲ್ಯದಲ್ಲಿ ಅವರೂ ಕೋಲು ಹಿಡಿದು ಹೊರಟವರಂತೆ. ಅಷ್ಟು ವರ್ಷ ಅದೇ ಕಟ್ಟಡದಲ್ಲಿದ್ದ ನಮಗೆ ಯಾರಿಗೂ ಅದು ತಿಳಿದಿರಲಿಲ್ಲ. ಹೊರಡುವ ಮುನ್ನಿನ ವಾರ ಅವರ ಹಿಂದೆ ಹದಿನಾರು ಜನ ಶಿಂದಘಾದಿಂದ ಬಸ್ತಾಕಿಯಾದವರೆಗೆ ನಡೆದೆವು. ಮೊದಲ ಸಂಬಳಕ್ಕೆ ಕೈಗಡಿಯಾರ ಕೊಂಡ ಅಂಗಡಿ, ಊರಿಗೆ ಕಾಗದ ಹಾಕುತ್ತಿದ್ದ ಅಂಚೆಪೆಟ್ಟಿಗೆ ಇದ್ದ ಜಾಗ, ಕೆಲಸ ಸಿಗದ ದಿನಗಳಲ್ಲಿ ಕುಳಿತಿರುತ್ತಿದ್ದ ದಡದ ಕಟ್ಟೆ, ಇವನ್ನೆಲ್ಲ ಅವರು ತೋರಿಸುತ್ತ ಹೋದರು. ಮಕ್ಕಳು ಹಿಂದೆ ಬೀಳದೆ ಬಂದರು.

ಈ ಬಾರಿ ಎರಡು ತಂಡ ಮಾಡಬೇಕೆಂದಿದ್ದೇವೆ. ಒಂದು ತಂಡಕ್ಕೆ ಮದ್ದಲೆಯಿಲ್ಲ. ಸಮ್ಮೇಳನದಿಂದ ಊರ ಕಡೆ ಹೋಗಿ ದುಬೈ ಮಾರ್ಗವಾಗಿ ಮರಳುವ ಬಂಧುಗಳು ಯಾರಾದರೂ ಒಂದನ್ನು ಹೊತ್ತು ತರುವುದಾದರೆ ವಿಮಾನ ನಿಲ್ದಾಣಕ್ಕೆ ಬಂದು ಕರೆದೊಯ್ಯುತ್ತೇವೆ. ಅಬ್ರಾದ ಒಂದು ದಿರ್ಹಮ್ ನಮ್ಮದು.